ಭೂಪನ ಕೊನೆಯ ಹನಿಗಳು

ಟಗರಿನ ವೀರ್ಯದ ಮಾತು ಬಂದರೆ ಮರ್ಯಾದಸ್ಥರು ಗಂಟಲು ಸರಿಮಾಡಿಕೊಂಡು ಕಿಟಕಿಯ ಕಡೆ ನೋಡುತ್ತಾರೆ. ನೋಡಲಿ ಬಿಡಿ. ಅದಿಲ್ಲದೆ ಈ ಕಥೆ ಒಂದು ಹೆಜ್ಜೆಯೂ ಮುಂದಕ್ಕೆ ಹೋಗುವುದಿಲ್ಲ. ಕುರಿ ತಳಿ ಕೇಂದ್ರದ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಹೆಂಗಸಿಗೆ ಅದು ಹಾಲು ಮೊಸರಿನಷ್ಟೇ ಸಲೀಸಾದ ವಿಷಯ. ಮೂಗು ಮುರಿಯುವವರನ್ನು ಕಂಡರೆ ಅವಳಿಗೆ ನಗು ಬರುತ್ತಿತ್ತು. ಈಗೀಗ ನಗು ಬರುವುದಿಲ್ಲ, ಅದು ಬೇರೆ ಮಾತು.

ಕೇಂದ್ರದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕಷಾಯದಮ್ಮ ಎಂದು. ಹಣ್ಣಿನ ರಸದ ಅಂಗಡಿಯವರು ಬಿಸಾಡುವ ದಾಳಿಂಬೆ ಸಿಪ್ಪೆಯನ್ನು ಚೀಲಗಟ್ಟಲೆ ತಂದು, ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ನೆನೆಹಾಕಿ, ಸೋಸಿ, ಇಂಗಿಸಿ, ಕೊನೆಗೆ ಒಂದು ಕಂದು ಬಾಟಲಿಯ ತಳದಷ್ಟು ರಸ ತೆಗೆಯುವುದು ಅವಳ ಕೆಲಸ. ಆ ರಸ ಯಾರ ಹೊಟ್ಟೆನೋವಿಗೂ ಅಲ್ಲ. ಟಗರಿನ ವೀರ್ಯವನ್ನು ಮೊಟ್ಟೆಯ ಹಳದಿ ಬೆರೆಸಿದ ದ್ರಾವಣದಲ್ಲಿ ತೆಳುಮಾಡಿ ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ ಚೆನ್ನಾಗಿ ಬದುಕಿರುತ್ತದೆ. ಆಮೇಲೆ ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ಅದಕ್ಕೂ ಒಳಗಿಂದೊಳಗೇ ಏನೋ ಹಿಡಿಯುತ್ತದೆ. ದಾಳಿಂಬೆಯ ಒಗರು ಆ ತುಕ್ಕನ್ನು ತಡೆಯುತ್ತದೆ ಎಂದು ಕೇಂದ್ರದ ಡಾಕ್ಟರಮ್ಮನ ನಂಬಿಕೆ. ಎರಡು ದಿನದ್ದನ್ನು ಐದು ದಿನಕ್ಕೆ ಎಳೆಯಬೇಕು, ದೂರದ ಮಂದೆಗೂ ಒಳ್ಳೆಯ ಟಗರಿನ ಬೀಜ ತಲುಪಬೇಕು ಎಂದು ಅವರಿಗೆ ಸದಾ ಅದೇ ಧ್ಯಾನ.

ಪ್ರಯೋಗಾಲಯಕ್ಕೂ ಟಗರಿನ ಕೊಟ್ಟಿಗೆಗೂ ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಕಿಂಡಿ. ಕಿಂಡಿಯ ಆಚೆ ಅವಳ ಗಂಡ. ಕಡ್ಡಿಯಂಥ ಆಳು, ಅದಕ್ಕೇ ಜನ ಪೈಲ್ವಾನ್ ಎಂದು ಹೆಸರಿಟ್ಟಿದ್ದರು. ಬಿಸಿನೀರು ತುಂಬಿದ ರಬ್ಬರಿನ ಕೊಳವೆ ಹಿಡಿದು ಟಗರಿನಿಂದ ವೀರ್ಯ ಸಂಗ್ರಹಿಸುವುದು, ಟ್ಯೂಬನ್ನು ಅಂಗೈಯಲ್ಲಿ ಬೆಚ್ಚಗೆ ಮುಚ್ಚಿಕೊಂಡು ಕಿಂಡಿಯಲ್ಲಿ ದಾಟಿಸುವುದು ಅವನ ಕೆಲಸ. ದಾಟಿಸಿದ ಮೇಲೂ ಅವನು ಹೋಗುತ್ತಿರಲಿಲ್ಲ. ಕಿಂಡಿಯ ಚೌಕಟ್ಟಿಗೆ ಮೊಣಕೈ ಊರಿ, ಹೆಂಡತಿ ಒಂದು ಹನಿಯನ್ನು ಗಾಜಿನ ಮೇಲಿಟ್ಟು ವೀರ್ಯಾಣುಗಳ ಓಟ ನೋಡಲು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚುವವರೆಗೂ ಕಾದು, "ಓಡ್ತಾವೇನೇ?" ಎನ್ನುತ್ತಿದ್ದ. ಅವಳು "ಓಡ್ತಾವೆ" ಎನ್ನುತ್ತಿದ್ದಳು. ಅಷ್ಟು ಕೇಳಿಸಿಕೊಂಡೇ ಅವನು ಟಗರನ್ನು ಬಿಚ್ಚಿಕೊಂಡು ಹೋಗುತ್ತಿದ್ದುದು. ಮದುವೆಯಾದಾಗಿನಿಂದ ಇದೇ ಅವರ ಪ್ರೀತಿಯ ಮಾತು. ಬೇರೆ ಮಾತು ಇಬ್ಬರಿಗೂ ಅಷ್ಟಾಗಿ ಬರುತ್ತಿರಲಿಲ್ಲ.

ಟಗರುಗಳಲ್ಲಿ ಅವನ ಕಣ್ಮಣಿ ಭೂಪ. ಎರಡು ವರ್ಷದ ಹಿಂದೆ ರೋಗ ಬಂದು ಪೈಲ್ವಾನನ ತಾಯಿಯ ಮಂದೆಯನ್ನೆಲ್ಲ ಗುಡಿಸಿಕೊಂಡು ಹೋದಾಗ ಒಂದು ಮರಿ ಮಾತ್ರ ಕೆಮ್ಮದೆ, ಕುಂಟದೆ, ತನಗೇನೂ ಸಂಬಂಧವೇ ಇಲ್ಲ ಎಂಬಂತೆ ಮೇಯುತ್ತಾ ನಿಂತಿತ್ತು. ಅದನ್ನು ಕೇಂದ್ರಕ್ಕೆ ತಂದು ಸಾಕಿದ. ತಾಯಿ ಪೈಸೆಗೆ ಪೈಸೆ ಕೂಡಿಸಿ ಮತ್ತೆ ಹೆಣ್ಣುಕುರಿಗಳನ್ನು ಕೊಂಡಾಗ, "ಇವಕ್ಕೆಲ್ಲ ಭೂಪನ ಮರೀನೇ ಹಾಕಿಸ್ತೀನಿ ಅಮ್ಮ, ಆಮೇಲೆ ಯಾವ ರೋಗ ಬರುತ್ತೋ ಬರಲಿ" ಎಂದಿದ್ದ. ಎಲ್ಲ ಕುರಿಗಳೂ ಒಂದು ಶುಕ್ರವಾರ ಒಟ್ಟಿಗೇ ಬೆದೆಗೆ ಬರುವ ಹಾಗೆ ಔಷಧಿಯನ್ನೂ ಕೊಡಿಸಿದ್ದ. ಶುಕ್ರವಾರ ಅಷ್ಟೂ ಕುರಿಗಳನ್ನು ಒಂದು ಟಗರು ಸುಧಾರಿಸಲಾರದು. ಆದ್ದರಿಂದ ಆ ದಿನ ಭೂಪನಿಂದ ತಾಜಾ ಸಂಗ್ರಹಿಸಿ, ನಳಿಕೆಯಿಂದ ಒಂದೊಂದಕ್ಕೂ ಪಾಲು ಕೊಡುವುದು ಎಂದು ಮಾತಾಗಿತ್ತು.

ಆ ವಾರದ ಸೋಮವಾರ ಬೆಳಿಗ್ಗೆ ಅವನು ಭೂಪನ ಒಂದು ಟ್ಯೂಬು ದಾಟಿಸಿದ. ಅದು ಕುರಿಗಳಿಗಲ್ಲ, ಡಾಕ್ಟರಮ್ಮನ ದಾಳಿಂಬೆ ಪರೀಕ್ಷೆಗೆ. ಹೊಸ ರಸ, ಹೊಸ ಅಳತೆ. ಕಷಾಯದಮ್ಮ ಬೆರೆಸಿ, ಹನಿ ಇಟ್ಟು, ಕಣ್ಣು ಹಚ್ಚಿ ಮೈಮರೆತಳು. ಅಂಥ ಓಟವನ್ನು ಅವಳು ಹಿಂದೆ ಕಂಡಿರಲಿಲ್ಲ. ಗಾಜಿನ ಮೇಲೆ ಮೋಡಗಳು ಸುತ್ತಿ ಸುತ್ತಿ ಎದ್ದ ಹಾಗಿತ್ತು.

"ಓಡ್ತಾವೇನೇ?" ಎಂದ ಗಂಡ.

"ತಡೀರಿ," ಎಂದಳು.

ಅವನು ತಡೆದ. ಟಗರಿಗೆ ಬೆನ್ನು ಕೊಟ್ಟು ನಿಲ್ಲಬಾರದು ಎಂಬುದು ಕೊಟ್ಟಿಗೆಯ ಮೊದಲ ಪಾಠ. ಅದನ್ನು ಬೇರೆಯವರಿಗೆ ಕಲಿಸುತ್ತಿದ್ದವನೇ ಅವನು. ದಿನವೂ ಕ್ಷಣದ ಮಾತಾದ್ದರಿಂದ ಏನೂ ಆಗುತ್ತಿರಲಿಲ್ಲ. ಅಂದು ಕ್ಷಣ ಉದ್ದವಾಯಿತು, ಭೂಪನ ಹಗ್ಗ ಗೂಟದಿಂದ ಜಾರಿತು. ಧಡ್ ಎಂದು ಸದ್ದಾದಾಗ ಅವಳು ಕಣ್ಣು ತೆಗೆಯದೆ, ಗಂಡ ಸಿಟ್ಟಿನಿಂದ ಗೋಡೆ ಗುದ್ದಿದ ಎಂದುಕೊಂಡು ನಕ್ಕು, "ಓಡ್ತಾವೆ ಮಾರಾಯ್ರೇ, ಕುದುರೆ ಥರ ಓಡ್ತಾವೆ" ಎಂದಳು. ತಲೆ ಎತ್ತಿ ನೋಡಿದರೆ ಕಿಂಡಿಯಲ್ಲಿ ಯಾರೂ ಇರಲಿಲ್ಲ. ಭೂಪ ಹಿಂದಿನಿಂದ ಹಾಯ್ದ ರಭಸಕ್ಕೆ ಚೌಕಟ್ಟಿನ ಕಬ್ಬಿಣದ ಅಂಚಿಗೆ ಅವನ ತಲೆ ಬಡಿದಿತ್ತು.

ಸಂಜೆಗೆ ಅವನನ್ನು ಮಣ್ಣು ಮಾಡಿ ಬಂದರು. ಬಂದವನೇ ಗಂಡನ ತಮ್ಮ ಮಚ್ಚು ತೆಗೆದುಕೊಂಡು ಕೊಟ್ಟಿಗೆಗೆ ಹೋದ. ಯಾರೂ ತಡೆಯಲಿಲ್ಲ. ಭೂಪನ ಕಥೆಯೂ ಮುಗಿಯಿತು.

ಮಂಗಳವಾರ ಮಧ್ಯಾಹ್ನವೇ ಕಷಾಯದಮ್ಮ ಕೆಲಸಕ್ಕೆ ಬಂದಳು. ಗಂಡನ ಮಣ್ಣು ಇನ್ನೂ ಆರಿಲ್ಲ, ಇವಳಿಗೆ ಕೆಲಸ ಬೇಕಾಯ್ತಾ ಎಂದು ಬಾಯಿ ಇದ್ದವರು ಆಡಿಕೊಂಡರು. ಮನೆಯಲ್ಲಿ ಗೋಡೆ ನೋಡಿ ನೋಡಿ ಅವಳಿಗೆ ಹುಚ್ಚು ಹಿಡಿಯುವ ಹಾಗಾಗಿತ್ತು, ಅದನ್ನು ಆಡಿಕೊಳ್ಳುವವರಿಗೆ ಹೇಗೆ ಹೇಳುವುದು. ಡಾಕ್ಟರಮ್ಮ ಅವಳ ಭುಜದ ಮೇಲೆ ಕೈ ಇಟ್ಟು ಫ್ರಿಜ್ಜಿನ ಕಡೆ ತೋರಿಸಿದರು.

"ಸೋಮವಾರದ ಟ್ಯೂಬು ಇದೆ. ಭೂಪಂದು ಅಂತ ಇನ್ನು ಈ ಲೋಕದಲ್ಲಿ ಇರೋದು ಅಷ್ಟೇ. ಶುಕ್ರವಾರದವರೆಗೆ ನಿನ್ನ ರಸ ಹಿಡಿದು ನಿಲ್ಲಿಸಿದ್ರೆ ನಿಮ್ಮ ಅತ್ತೆ ಕುರಿಗಳಿಗೆ ಆಗುತ್ತೆ. ಅಳತೆ ಮಾಡಿದ್ರೆ ಒಂದೊಂದಕ್ಕೂ ಪಾಲು ಸಿಗುತ್ತೆ. ನೋಡ್ಕೋ."

ನೋಡಿಕೊಳ್ಳುವುದು ಎಂದರೆ ಇಲ್ಲಿ ಒಂದು ತೊಡಕಿದೆ. ತಣ್ಣಗಿದ್ದಾಗ ವೀರ್ಯಾಣುಗಳು ಓಡುವುದಿಲ್ಲ, ಮಲಗಿರುತ್ತವೆ. ಬದುಕಿವೆಯೋ ಇಲ್ಲವೋ ತಿಳಿಯಬೇಕಾದರೆ ಒಂದು ಹನಿ ತೆಗೆದು ಬಿಸಿ ತಟ್ಟೆಯ ಮೇಲೆ ಮೈ ಕಾಯಿಸಿ ನೋಡಬೇಕು. ಎಬ್ಬಿಸಿದ ಹನಿಯನ್ನು ಮತ್ತೆ ಮಲಗಿಸಲು ಬರುವುದಿಲ್ಲ. ನೋಡಿದ್ದು ಹೋಯಿತು ಎಂದೇ ಲೆಕ್ಕ. ಅದಕ್ಕೇ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡುವುದು ಪ್ರಯೋಗಾಲಯದ ಪದ್ಧತಿ.

ಅವಳು ಫ್ರಿಜ್ಜು ತೆಗೆದಳು. ನೀರಿನ ಲೋಟದೊಳಗೆ ಟ್ಯೂಬು ನಿಂತಿತ್ತು, ಗಂಡನ ಅಂಗೈಯಿಂದ ಬಂದದ್ದು. ಒಂದು ಹನಿ ತೆಗೆದು, ಬೆಚ್ಚಗೆ ಮಾಡಿ, ಕಣ್ಣು ಹಚ್ಚಿದಳು. ಮೊದಲು ಒಂದು ಮಿಸುಕಿತು, ಆಮೇಲೆ ಹತ್ತಾರು, ಆಮೇಲೆ ಇಡೀ ಹನಿ ಎದ್ದು ಓಡಿತು. ಅವುಗಳ ಅಪ್ಪ ಮಣ್ಣಲ್ಲಿದ್ದ, ಅವುಗಳನ್ನು ಹಿಡಿದು ತಂದವನೂ ಮಣ್ಣಲ್ಲಿದ್ದ. ಇವಕ್ಕೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ.

ಆಗ ಕಿಂಡಿಯ ಚೌಕಟ್ಟಿನ ಮೇಲೆ ಅಂಗಿಯ ತೋಳು ಉಜ್ಜಿದ ಸದ್ದಾಯಿತು.

"ಓಡ್ತಾವೇನೇ?"

ಅವಳು ತಲೆ ಎತ್ತಲಿಲ್ಲ. ಎತ್ತಿದರೆ ಖಾಲಿ ಕಿಂಡಿ ಕಾಣುತ್ತದೆ ಎಂದು ಗೊತ್ತಿತ್ತು. ಕಣ್ಣು ಹಚ್ಚಿಕೊಂಡೇ, ತಡಮಾಡದೆ, "ಓಡ್ತಾವೆ" ಎಂದಳು. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಸಂತೋಷವಾಯಿತು. ಎಷ್ಟು ಸಂತೋಷವಾಯಿತೆಂದರೆ ಕಣ್ಣೀರು ಸೂಕ್ಷ್ಮದರ್ಶಕದ ಗಾಜಿನ ಮೇಲೆ ಬಿದ್ದು, ಅದನ್ನು ಒರೆಸಿ ಮತ್ತೆ ನೋಡಬೇಕಾಯಿತು. ಅಷ್ಟರಲ್ಲಿ ಆ ಹನಿ ನಿಂತುಹೋಗಿತ್ತು. ಅವಳು ಇನ್ನೊಂದು ಹನಿ ತೆಗೆದಳು.

ಅಲ್ಲಿಂದ ಶುರುವಾಯಿತು. ನೋಡಿದರೆ ಮಾತ್ರ ಅವನು ಕೇಳುತ್ತಿದ್ದ. ಹನಿ ಎದ್ದು ಓಡತೊಡಗಿದಾಗ ಮಾತ್ರ ತೋಳಿನ ಸದ್ದು, ಆಮೇಲೆ ಆ ಮಾತು. ನೆಲ ಒರೆಸುವಾಗ, ಲೋಟ ತೊಳೆಯುವಾಗ, ಕಿಂಡಿಯ ಮುಂದೆ ಸುಮ್ಮನೆ ನಿಂತಾಗ ಎಷ್ಟು ಕಿವಿಗೊಟ್ಟರೂ ಇಲ್ಲ. ಅವಳು ಏನೇನೋ ನೆವ ಮಾಡಿಕೊಂಡು ಫ್ರಿಜ್ಜು ತೆಗೆದಳು. ಬಾಗಿಲು ಸರಿ ಹಾಕಿದೆನೋ ಇಲ್ಲವೋ ನೋಡೋಣ. ವಿದ್ಯುತ್ತು ಹೋಗಿ ಬಂತು, ಏನಾದರೂ ಆಯಿತೇನೋ ನೋಡೋಣ. ಒಂದು ನೆವಕ್ಕೆ ಒಂದು ಹನಿ. ಕೆಲವು ಹನಿ ಸೇರಿದರೆ ಒಂದು ಕುರಿಯ ಪಾಲು. ಅದು ಅವಳಿಗೆ ಗೊತ್ತಿರಲಿಲ್ಲವೇ? ಅಂಗೈ ಗೆರೆಯ ಹಾಗೆ ಗೊತ್ತಿತ್ತು.

ಮನೆಯಲ್ಲಿ ಅತ್ತೆ ಕುರಿಗಳ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ. ಮಗನಿಗಾಗಿ ಒಮ್ಮೆ ಗೋಳಾಡಿ ಅತ್ತವರು ಆಮೇಲೆ ಹಟ್ಟಿಯನ್ನು ಗುಡಿಸುತ್ತಲೇ ಇದ್ದರು. "ಅವನ ಕೈಯ ಕೊನೇ ಕೆಲಸ ಅದು. ಕೆಡಿಸಬೇಡ ತಾಯಿ," ಎಂದು ಸೊಸೆಯ ಮುಂದೆ ತಟ್ಟೆ ಇಟ್ಟರು. "ಕೆಟ್ಟರೆ ನಾನು ಬದುಕಿದ್ದಕ್ಕೆ ಅರ್ಥ ಇಲ್ಲ." ಸೊಸೆ ತಲೆ ತಗ್ಗಿಸಿ ಉಂಡಳು. ಎರಡೇ ತುತ್ತಿಗೆ ಕೈ ತೊಳೆದಳು.

ಬುಧವಾರ ಡಾಕ್ಟರಮ್ಮ ಟ್ಯೂಬನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು. "ಇದೇನಿದು, ಇಷ್ಟು ಇಳಿದಿದೆ?"

"ಪರೀಕ್ಷೆ ಮಾಡ್ತಿದ್ದೆ."

"ಪರೀಕ್ಷೆ ಮಾಡ್ತಾ ಮಾಡ್ತಾ ಮುಗಿಸಿಬಿಡ್ತೀಯಾ? ಕಡಿಮೆ ಮಾಡು."

ಅವಳು ಕಡಿಮೆ ಮಾಡಲಿಲ್ಲ. ಬಾಗಿಲಿಗೆ ಚಿಲಕ ಹಾಕಿಕೊಂಡಳು. ಒಂದು ಸಲ, ಅವನು ಕೇಳಿದಾಗ, ಉತ್ತರ ಕೊಡದೆ ಸುಮ್ಮನಿದ್ದು ನೋಡಿದಳು. ಅದೇ ಧ್ವನಿ, ಅದೇ ಸಣ್ಣ ಕೆಮ್ಮಿನ ಬಾಲ, ಮತ್ತೆ ಕೇಳಿತು. "ಊಟ ಆಯ್ತಾ ರೀ?" ಎಂದಳು. "ಓಡ್ತಾವೇನೇ?" ಎಂದಿತು. "ತುಂಬಾ ನೋವಾಯ್ತಾ?" ಎಂದಳು. "ಓಡ್ತಾವೇನೇ?" ಎಂದಿತು. ಅವನಿಗೆ ಅದೊಂದು ಬಿಟ್ಟು ಬೇರೆ ಮಾತು ಉಳಿದಿಲ್ಲ ಎಂಬುದು ಅವಳಿಗೆ ಆಗ ಅರ್ಥವಾಯಿತು. ಅವಳು 'ತಡೀರಿ' ಎಂದ ಜಾಗದಲ್ಲೇ ಅವನು ತಡೆದು ನಿಂತಿದ್ದ. ಎಷ್ಟು ಸಲ ಓಡ್ತಾವೆ ಎಂದರೂ ಅದು ಸೋಮವಾರಕ್ಕೆ ಮುಟ್ಟುತ್ತಿರಲಿಲ್ಲ.

ಆದರೂ ಅದು ಬೇಕಿತ್ತು ಅವಳಿಗೆ. ಇಲ್ಲದಿರುವುದಕ್ಕಿಂತ ಅಷ್ಟಾದರೂ ಇರಲಿ ಎನಿಸಿತು.

ಗುರುವಾರ ಓಟ ನಿಧಾನವಾಯಿತು. ಮೊದಲಿನ ಮೋಡಗಳಿಲ್ಲ, ಅಲ್ಲೊಂದು ಇಲ್ಲೊಂದು ತೂಕಡಿಸುತ್ತ ಸಾಗುತ್ತಿದ್ದವು. ಕಿಂಡಿಯ ಧ್ವನಿಯೂ ದೂರವಾಗಿತ್ತು, ಕೊಟ್ಟಿಗೆಯ ಆಚೆ ಕೊನೆಯಿಂದ ಯಾರೋ ಕೇಳಿದ ಹಾಗೆ. ಇವು ನಿಂತರೆ ಅವನೂ ನಿಲ್ಲುತ್ತಾನೆ ಎಂದು ಅವಳಿಗೆ ಖಾತ್ರಿಯಾಯಿತು. ಶುಕ್ರವಾರ ಕುರಿಗಳಿಗೆ ಕೊಟ್ಟರೂ ಅಷ್ಟೇ. ಟ್ಯೂಬು ಖಾಲಿ, ಕಿಂಡಿ ಖಾಲಿ.

ಆಗ ಅವಳು ಮಾಡಬಾರದ ಕೆಲಸ ಮಾಡಿದಳು. ಇನ್ನೊಂದು ಟ್ಯೂಬು ತೆಗೆದು, ಉಳಿದದ್ದರಲ್ಲಿ ಅರ್ಧವನ್ನು ಅದಕ್ಕೆ ಬಗ್ಗಿಸಿದಳು. ಮೊದಲನೆಯದು ಅತ್ತೆಯ ಕುರಿಗಳಿಗೆ. ಎರಡನೆಯದು ತನಗೆ. ತನ್ನದು ಬಹಳ ದಿನ ಬದುಕಲಿ ಎಂದು ಕಂದು ಬಾಟಲಿಯಿಂದ ದಾಳಿಂಬೆ ರಸವನ್ನು ಇನ್ನಷ್ಟು ಬಿಟ್ಟಳು. ಸಾಲದೆನಿಸಿ ಮತ್ತಷ್ಟು ಬಿಟ್ಟಳು. ರಸ ಅಳತೆ ಮೀರಿದರೆ ಕಾಪಾಡುವುದೇ ಕೊಲ್ಲುತ್ತದೆ, ಒಗರು ಹೆಚ್ಚಾಗಿ ಒಂದಕ್ಕೊಂದು ಅಂಟಿ ಸಾಯುತ್ತವೆ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವಳೇ ಇವಳು. ಗಂಡನೂ ಟಗರಿಗೆ ಬೆನ್ನು ಕೊಡಬೇಡಿ ಎಂದು ಪಾಠ ಹೇಳುತ್ತಿದ್ದವನೇ ಅಲ್ಲವೇ.

ಬೆರೆಸಿದ ಕೂಡಲೇ ಒಂದು ಹನಿ ನೋಡಿದಳು. ಅವು ಬೆಚ್ಚಿಬಿದ್ದವರ ಹಾಗೆ ಎದ್ದು ಓಡಿದವು. ತೋಳಿನ ಸದ್ದು ಇಷ್ಟು ಹತ್ತಿರ ಬಂದಿರಲೇ ಇಲ್ಲ. "ಓಡ್ತಾವೇನೇ?" ಧ್ವನಿ ಕಿವಿಯ ಪಕ್ಕದಲ್ಲೇ ಇತ್ತು. ಅವಳು ಆ ಟ್ಯೂಬನ್ನು ಫ್ರಿಜ್ಜಿನ ಮೂಲೆಯಲ್ಲಿ, ಬಾಟಲಿಗಳ ಹಿಂದೆ ಅಡಗಿಸಿಟ್ಟು ಮನೆಗೆ ಹೋದಳು. ಅಂದು ಊಟವೂ ಸೇರಿತು.

ಶುಕ್ರವಾರ ಬೆಳಿಗ್ಗೆ ಬಂದವಳೇ ಕೈಹಾಕಿದ್ದು ಮೂಲೆಗೆ. ಹನಿ ಇಟ್ಟು, ಬೆಚ್ಚಗೆ ಮಾಡಿ, ಕಣ್ಣು ಹಚ್ಚಿದಳು. ತಲೆಗೆ ತಲೆ ಅಂಟಿ, ಬಾಲಕ್ಕೆ ಬಾಲ ಸುತ್ತಿ, ಗುಡಿಸಿ ಒಟ್ಟಿದ ಕಸದ ಹಾಗೆ ಗುಂಪು ಗುಂಪಾಗಿ ಬಿದ್ದಿದ್ದವು. ಇನ್ನೊಂದು ಹನಿ. ಅದೂ ಹಾಗೇ. ಅವಳು ಉಸಿರು ಬಿಗಿಹಿಡಿದು ಕಾದಳು. ಒಂದೂ ಮಿಸುಕಲಿಲ್ಲ.

ಈ ಸಲ ಅವು ಓಡದೆಯೇ ಧ್ವನಿ ಬಂತು. "ಓಡ್ತಾವೇನೇ?"

ಮೊದಲ ಬಾರಿಗೆ ಅವಳಿಗೆ ಭಯವಾಯಿತು. ಏನು ಹೇಳುವುದು? ಸತ್ತವನಿಗೆ ಸುಳ್ಳು ಹೇಳುವುದೇ? ನಾನೇ ಕೊಂದೆ ಎನ್ನುವುದೇ? ಆ ಮಾತು ಮತ್ತೆ ಬಂತು, ಮತ್ತೆ ಬಂತು. ಸಿಟ್ಟಿಲ್ಲ, ಅವಸರವಿಲ್ಲ. ಕಾಯುವವನ ಧ್ವನಿ.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ತೆಗೆದರೆ ಅತ್ತೆ, ಕೈಯಲ್ಲಿ ಫ್ಲಾಸ್ಕು.

"ಕುರಿಗಳು ಒಂದರ ಮೇಲೊಂದು ಬೀಳ್ತಾವೆ. ಡಾಕ್ಟರಮ್ಮ ಆಗ್ಲೇ ಹಟ್ಟಿಗೆ ಬಂದಿದ್ದಾರೆ. ಮನಸ್ಸು ತಡೀಲಿಲ್ಲ, ನಾನೇ ಬಂದೆ. ಎಲ್ಲಿ, ತಗೊಂಡು ಬಾ."

ಸೊಸೆ ಫ್ರಿಜ್ಜಿನಿಂದ ಮೊದಲಿನ ಟ್ಯೂಬನ್ನು ತೆಗೆದಳು. ತಳದಲ್ಲಿ ಇಷ್ಟೇ ಇಷ್ಟು. ಅತ್ತೆ ಅದನ್ನು ನೋಡಿದರು, ಮೇಜಿನ ಮೇಲಿದ್ದ ಇನ್ನೊಂದನ್ನೂ ನೋಡಿದರು. ಮಂದೆ ಮೇಯಿಸಿದ ಕಣ್ಣು ಅದು, ಒಂದು ಮರಿ ತಪ್ಪಿದರೂ ಹಿಡಿಯುತ್ತಿತ್ತು.

"ಇಷ್ಟೇನಾ?"

"ನಾನು ಕೆಡಿಸಿಬಿಟ್ಟೆ ಅತ್ತೆ." ಅವಳು ಕುಸಿದು ಕೂತಳು. "ನೋಡ್ತಾ ನೋಡ್ತಾ ಮುಗಿಸಿದೆ. ಉಳಿದಿದ್ರಲ್ಲಿ ಅರ್ಧ ನನಗೆ ಅಂತ ಇಟ್ಕೊಂಡು ಅದನ್ನೂ ಕೊಂದೆ. ಅವತ್ತು ಅವರು ಕೇಳಿದಾಗ ನಾನು ತಡೀರಿ ಅಂದೆ ಅತ್ತೆ. ಅದಕ್ಕೇ ಅವರು ಅಲ್ಲೇ ನಿಂತ್ರು. ಒಂದು ಮಾತು ಹೇಳಿದ್ರೆ ಹೋಗಿಬಿಡ್ತಿದ್ರು. ಹೇಳಲಿಲ್ಲ ನಾನು."

ಕಿಂಡಿಯ ಕಡೆಯಿಂದ ಆ ಪ್ರಶ್ನೆ ಮತ್ತೊಮ್ಮೆ ಬಂತು. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದ ಅತ್ತೆಯ ಕೈ ಒಂದು ಕ್ಷಣ ನಿಂತು, ಮತ್ತೆ ತಿರುಗಿತು.

"ಟಗರಿಗೆ ಬೆನ್ನು ಕೊಡಬೇಡ ಅಂತ ನಾನೂ ಹೇಳಿದ್ದೆ, ಅವರಪ್ಪನೂ ಬಡಕೊಂಡಿದ್ರು," ಎಂದರು. "ಕೇಳಲಿಲ್ಲ. ಹೆಂಡ್ತಿ ಮುಖ ನೋಡೋಕೆ ಬೆನ್ನು ಕೊಟ್ಟ. ಅದಕ್ಕೆ ನಿನ್ನನ್ನ ಬೈಯಲಾ, ಅವನನ್ನ ಬೈಯಲಾ? ಏಳು."

"ಇದನ್ನೂ ಒಂದು ಸಲ ನೋಡಿ ತಗೊಂಡು ಹೋಗಬೇಕು. ನೋಡದೆ ಕಳಿಸೋ ಹಾಗಿಲ್ಲ."

"ನೋಡಿದ್ರೆ ಒಂದು ಹನಿ ಹೋಗುತ್ತಲ್ಲ?"

"ಹೋಗುತ್ತೆ."

"ಸತ್ತಿದ್ರೆ ಕುರಿಗೆ ಕೊಡೋದು ಬಿಡ್ತೀಯಾ?"

ಅವಳು ಯೋಚಿಸಿದಳು. "ಇಲ್ಲ."

"ಮತ್ತಿನ್ನೇನು ನೋಡೋದು. ನಡಿ."

ಸೂಕ್ಷ್ಮದರ್ಶಕದ ದೀಪವನ್ನು ಅವಳು ಆರಿಸಿದಳು. ಟ್ಯೂಬನ್ನು ಫ್ಲಾಸ್ಕಿಗೆ ಇಳಿಸಿ ಬಾಗಿಲು ಎಳೆದುಕೊಳ್ಳುವಾಗ ಹಿಂದಿನಿಂದ ಆ ಮಾತು ಬರುತ್ತಲೇ ಇತ್ತು. ತಿರುಗಿ ನೋಡದೆ ಬರುವುದು ಅವಳಿಗೆ ಜೀವ ಹೋದಷ್ಟು ಕಷ್ಟವಾಯಿತು.

ಹಟ್ಟಿಯಲ್ಲಿ ಡಾಕ್ಟರಮ್ಮ ಟ್ಯೂಬನ್ನು ನೋಡಿ ಬಾಯಿ ತೆರೆದರು, ಅತ್ತೆಯ ಮುಖ ನೋಡಿ ಮುಚ್ಚಿಕೊಂಡರು. "ಪಾಲು ಚಿಕ್ಕದು ಮಾಡೋಣ. ಆದಷ್ಟಕ್ಕೆ ಆಗಲಿ," ಎಂದರು. ಅತ್ತೆ ಕುರಿಯ ಹಿಂಗಾಲು ಎತ್ತಿ ಹಿಡಿಯುವುದು, ಸೊಸೆ ನಳಿಕೆಗೆ ಅಳೆದು ತುಂಬುವುದು, ಡಾಕ್ಟರಮ್ಮ ಬಗ್ಗಿ ಒಳಗೆ ಬಿಡುವುದು. ಒಂದಾದ ಮೇಲೊಂದು. ಮೂವರ ಮೈಯಲ್ಲೂ ಬೆವರು. ಮಂದೆಯ ಅರ್ಧ ಮುಗಿಯುವಷ್ಟರಲ್ಲೇ ಟ್ಯೂಬು ಬರಿದಾಯಿತು. ಕೊನೆಯ ಹನಿಯನ್ನು ಟ್ಯೂಬಿನ ಗೋಡೆಯಿಂದ ಕೆರೆದ ಹಾಗೆ ಎಳೆದು ಒಂದು ಬಿಳಿ ಕುರಿಗೆ ಕೊಟ್ಟರು. ಉಳಿದ ಕುರಿಗಳು ಬೇಲಿಯ ಆ ಬದಿಯಲ್ಲಿ ಕೂಗುತ್ತಿದ್ದವು. ಅವಕ್ಕೆ ಕೊಡಲು ಏನೂ ಇರಲಿಲ್ಲ.

ಡಾಕ್ಟರಮ್ಮ ಬಕೆಟ್ಟಿನ ಬಳಿ ಹೋಗಿ ಕೈ ತೊಳೆಯತೊಡಗಿದರು. ಖಾಲಿ ಟ್ಯೂಬು ಹಿಡಿದು ನಿಂತವಳ ಬೆನ್ನ ಹಿಂದೆ, ಕಿಂಡಿಯಿಲ್ಲದ ಬಯಲಿನಲ್ಲಿ, ತೋಳು ಉಜ್ಜಿದ ಸದ್ದಾಯಿತು.

"ಓಡ್ತಾವೇನೇ?"

ನೋಡಿ ಹೇಳಲು ಒಂದು ಹನಿಯೂ ಇರಲಿಲ್ಲ. ಎಲ್ಲವೂ ಕುರಿಗಳ ಒಳಗೆ ಕತ್ತಲಲ್ಲಿದ್ದವು. ಬದುಕಿದ್ದವೋ, ದಾರಿಯಲ್ಲೇ ಸತ್ತಿದ್ದವೋ, ಯಾವ ಗಾಜಿನಿಂದಲೂ ನೋಡಲು ಬರುತ್ತಿರಲಿಲ್ಲ. ಹೌದೆನ್ನಲು ಬಾಯಿ ತೆರೆದಳು, ಖಾಲಿ ಟ್ಯೂಬಿನ ಕಡೆ ನೋಡಿದಳು.

ಅತ್ತೆ ಬಿಳಿ ಕುರಿಯ ಕಾಲನ್ನು ಇನ್ನೂ ಬಿಟ್ಟಿರಲಿಲ್ಲ. ತಲೆ ಎತ್ತದೆ ಹೇಳಿದರು.

"ಓಡ್ತಾವೆ ಕಣಪ್ಪಾ. ಎಲ್ಲಾ ಓಡ್ತಾವೆ. ನೀನಿನ್ನು ಹೊರಡು."

ಗಾಳಿ ಕೂಡ ಇರಲಿಲ್ಲ. ಹಿಂದೆ ಯಾರೋ ಒರಗಿದ್ದವರು ನೆಟ್ಟಗಾದ ಹಾಗೆ ಒಂದು ಸಣ್ಣ ಸದ್ದಾಯಿತು, ಅಷ್ಟೇ.

"ಅತ್ತೇ... ನಿಮಗೂ ಕೇಳ್ಸುತ್ತಾ?"

"ಮಂಗಳವಾರದಿಂದ ಕೇಳ್ಸುತ್ತೆ. ಹಟ್ಟಿ ಗುಡಿಸುವಾಗ, ಒಲೆ ಮುಂದೆ, ಎಲ್ಲಾ ಕಡೆ." ಅತ್ತೆಯ ಕಣ್ಣಿಂದ ನೀರು ಕುರಿಯ ಬೆನ್ನ ಮೇಲೆ ಬೀಳುತ್ತಿತ್ತು. "ನಿನ್ನನ್ನ ಕೇಳೋ ಮಾತು, ನಾನ್ಯಾಕೆ ನಡುವೆ ಬಾಯಿ ಹಾಕ್ಲಿ ಅಂತ ಸುಮ್ಮನಿದ್ದೆ. ಎಷ್ಟು ದಿನ ಅಂತ ನಿಲ್ಲುತ್ತೆ ನನ್ನ ಮಗು, ಪಾಪ."

ಸೊಸೆಗೆ ಅತ್ತೆಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಆ ಉತ್ತರ ತನ್ನದಾಗಿತ್ತು. ಅವನನ್ನು ಕಳಿಸುವುದಿದ್ದರೆ ತಾನು ಕಳಿಸಬೇಕಿತ್ತು. ಅವಳು ಖಾಲಿ ಬಯಲಿನ ಕಡೆ ತಿರುಗಿ ನಿಂತಳು. ಒಂದೇ ಒಂದು ಸಲ ಕೇಳಲಿ, ಈ ಸಲ ತಡಮಾಡುವುದಿಲ್ಲ ಎಂದು ಬಾಯಿಯ ತುದಿಯಲ್ಲಿ ಮಾತು ಇಟ್ಟುಕೊಂಡು ಕಾದಳು. ಬಿಳಿ ಕುರಿ ಕೊಸರಿಕೊಂಡು ಓಡಿ ಮಂದೆಯಲ್ಲಿ ಸೇರಿಹೋಯಿತು. ಡಾಕ್ಟರಮ್ಮ ನೀರು ಚೆಲ್ಲಿದರು. ಅವಳು ಕಾಯುತ್ತಲೇ ಇದ್ದಳು, ಯಾರೂ ಕೇಳಲಿಲ್ಲ.